ರುಮಾಲು ಮರಳಿ ಕೊಟ್ಟ ಗಾಳಿ

ಆಳಂದ
ಶ್ರಾವಣ ಮಾಸ, ಮಂಗಳವಾರ, ೧೯೪೧

ಪ್ರೀತಿಯ ತಂಗಿ ಮಲ್ಕಮ್ಮನಿಗೆ,

ನಿನ್ನ ಅಕ್ಕ ಶರಣಬಸಮ್ಮ ಮಾಡುವ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದ ಕೈಸೇರಿ ಎರಡು ತಿಂಗಳಾಯಿತು. ಅಕ್ಕ ಸೊಕ್ಕಿನವಳಾದಳು ಎಂದು ನೀನು ಇಜೇರಿಯಲ್ಲಿ ಕುಳಿತು ಬೈದಿರುತ್ತೀ. ಬೈದುಕೋ. ಆದರೆ ತಡವಾದದ್ದು ಸೊಕ್ಕಿನಿಂದಲ್ಲ, ನೀನು ಹೇಳಿದ ಕೆಲಸದಿಂದಲೇ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ದೇವೀಂದ್ರನಿಗೆ ಹೇಳಲು ನನ್ನಲ್ಲಿ ಕತೆ ಮುಗಿದಿವೆ ಅಕ್ಕಾ. ಮಕ್ಕಳನ್ನು ನಗಿಸುವ ಒಂದು ಚಿತ್ರದ ಪುಸ್ತಕ ಆರಿಸಿ ಕಳಿಸು. ಅತ್ತೆಯವರೂ ಒಪ್ಪಿದ್ದಾರೆ." ಆ ಕೊನೆಯ ಮಾತನ್ನು ನಾನು ಎಷ್ಟು ಸಲ ಓದಿದೆನೋ. ಹತ್ತು ತಿಂಗಳ ಕೂಸನ್ನು ನಿನ್ನ ಉಡಿಯಲ್ಲಿ ಹಾಕಿ ಮೂರು ವರ್ಷ ಮೇಲಾಯಿತು. ನಾನು ಹೊಲಿದು ಕಳಿಸಿದ ಕುಲಾವಿ, ಅಂಗಿ ಎಲ್ಲ ನಿಮ್ಮ ಟ್ರಂಕಿನ ತಳದಲ್ಲಿವೆ ಎಂದು ನನಗೆ ಗೊತ್ತು. ಹೆತ್ತವಳ ಕೈಯ ಬಟ್ಟೆ ಮೈಮೇಲೆ ಬಿದ್ದರೆ ಕೂಸು ಆ ಕಡೆಗೇ ತಿರುಗುತ್ತದೆ ಎಂದು ನಿಮ್ಮ ಅತ್ತೆ ಅಂದರಂತೆ. ಅವರ ಭಯ ಅವರಿಗೆ. ಪುಸ್ತಕ ಮೈಗೆ ಹತ್ತುವುದಿಲ್ಲ ಎಂದು ಒಪ್ಪಿರಬೇಕು. ಅವನಿಗಾಗಿ ನೀವು ನನ್ನನ್ನು ಕೇಳಿದ ಮೊದಲ ವಸ್ತು ಇದು ಮಲ್ಕೂ. ಸಿಕ್ಕಿದ್ದನ್ನು ಕಟ್ಟಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ನನ್ನ ಮೂವರು ಹುಡುಗರು ಈಗ ದೊಡ್ಡವರಾದರು, ಚಿತ್ರದ ಪುಸ್ತಕವೆಂದರೆ ಮೂಗು ಮುರಿಯುತ್ತಾರೆ. ಅದಕ್ಕೆ ಪಕ್ಕದ ಮನೆಯ ಪ್ಯಾರಿಬಿಯ ಮೊಮ್ಮಕ್ಕಳನ್ನು ಹಿಡಿದು ತಂದು ಕಟ್ಟೆಯ ಮೇಲೆ ಕೂರಿಸಿದೆ. ನಾಲ್ಕು ಮಂದಿ ಇದ್ದಾರೆ. ಎಲ್ಲರಿಗಿಂತ ಸಣ್ಣದು ನಮ್ಮ ದೇವೀಂದ್ರನ ವಾರಿಗೆಯದು. ಹೆಸರು ಏನೋ ಉದ್ದವಿದೆ, ಎಲ್ಲರೂ ಮುನ್ನಿ ಅನ್ನುತ್ತಾರೆ.

ಮೊದಲನೆಯ ಪುಸ್ತಕ ಸೊಲ್ಲಾಪುರದಿಂದ ತರಿಸಿದ್ದು. ಪುಟಪುಟಕ್ಕೂ ತಲೆ ಬಾಚಿದ ಮಕ್ಕಳು, ಕೆಳಗೆ ಒಂದೊಂದು ಬುದ್ಧಿಮಾತು. ಮೂರನೆಯ ಪುಟಕ್ಕೆ ಇಬ್ಬರು ಎದ್ದು ಹೋದರು, ಒಬ್ಬ ಮಲಗಿದ. ಎರಡನೆಯದರಲ್ಲಿ ಕರಡಿಯೊಂದು ಹಲ್ಲು ಬಿಟ್ಟುಕೊಂಡು ನಿಂತಿತ್ತು. ಬರೆದವನಿಗೆ ಅದು ನಗುವಿನದು, ಮುನ್ನಿ ಮಾತ್ರ ನನ್ನ ಸೆರಗಿನೊಳಗೆ ಹೊಕ್ಕಳು. ಇನ್ನೊಂದರಲ್ಲಿ ಸಣ್ಣ ಹುಡುಗನೊಬ್ಬ ಮರದಿಂದ ಬೀಳುತ್ತಾನೆ. ಯಾರೂ ನಗಲಿಲ್ಲ. ಆಗ ತಿಳಿಯಿತು, ಮಕ್ಕಳು ನಗಬೇಕಾದರೆ ಬಿದ್ದವನು ದೊಡ್ಡವನಾಗಿರಬೇಕು. ಅದೂ ಠೀವಿಯಿಂದ ಹೊರಟ ದೊಡ್ಡವನಾದರೆ ಇನ್ನೂ ಚೆನ್ನ. ಅವನಿಗೆ ಗೊತ್ತಿಲ್ಲದ್ದು ಮಕ್ಕಳಿಗೆ ಮೊದಲೇ ಗೊತ್ತಾಗಬೇಕು, ಅಕ್ಷರ ಕಡಿಮೆ ಇರಬೇಕು. ಓದುವವಳಿಗೂ ನಲವತ್ತನೆಯ ಸಲ ನಗು ಬರಬೇಕು, ಇಲ್ಲವಾದರೆ ಆ ಪುಸ್ತಕ ಮೂಲೆ ಸೇರುತ್ತದೆ. ಇಷ್ಟು ಕಲಿಯಲು ನನಗೆ ಒಂದೂವರೆ ತಿಂಗಳು ಹಿಡಿಯಿತು, ನಗಬೇಡ.

ಅಷ್ಟರಲ್ಲಿ ಸಂತೆಗೆ ಗೌಸಮೊಹಿದ್ದೀನ ಬಂದ. ಹೈದರಾಬಾದಿನಿಂದ ಪುಸ್ತಕ ಹೊತ್ತು ತಂದು ಮಾರುವವನು, ನೀನು ನೋಡಿಲ್ಲ. ಒಂದು ಪುಸ್ತಕ ತೆಗೆದು ಧೂಳು ಒರೆಸಿ, "ಇದು ಭಾಳ ನಗಿಸ್ತದ್ರಿ ಅವ್ವಾರ. ಆದ್ರ ಉರ್ದು ಅದ, ನಿಮಗ ಓದಾಕ ಬರಂಗಿಲ್ಲ" ಅಂದ.

"ಚಿತ್ರ ನೋಡಾಕರ ಬರ್ತದಲ್ಲ, ಕೊಡಪ್ಪ" ಎಂದು ತಂದೆ.

ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ತೆರೆದೆ. ಮೊದಲನೆಯ ಪುಟದಲ್ಲಿ ಒಬ್ಬ ಧಡೂತಿ ಮನುಷ್ಯ ಬರಿಗಾಲಲ್ಲಿ, ಬೋಳುತಲೆಯಲ್ಲಿ, ಬರಿಗೈಯಲ್ಲಿ ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಿದ್ದಾಳೆ. ನಾನು ಚಿತ್ರ ನೋಡಿ ಕತೆ ಕಟ್ಟುತ್ತ ಹೋದೆ. ಮನುಷ್ಯ ಹೊರಟ. ಕೋತಿಯೊಂದು ಮರದಿಂದ ಕೈಚಾಚಿ ಅವನಿಗೆ ಛತ್ರಿ ಕೊಟ್ಟಿತು. ಆಡು ಬಾಯೊಳಗಿನಿಂದ ಲಾಡು ತೆಗೆದು ಒಂದು ಬುಟ್ಟಿ ತುಂಬಿ ಅವನ ಕೈಗಿಟ್ಟಿತು. ಕೆಸರು ಅವನ ಬೂಟು ಉಗುಳಿತು. ಕೊನೆಗೆ ಗಾಳಿ ಎಲ್ಲಿಂದಲೋ ರುಮಾಲು ತಂದು ಅವನ ತಲೆಯ ಮೇಲಿಟ್ಟಿತು. ಅವನು ಮದುಮಗನ ಹಾಗೆ ಎದೆ ಉಬ್ಬಿಸಿ ನಿಂತ. ಆಡಿನ ಪುಟಕ್ಕೆ ಮಕ್ಕಳು ಕಟ್ಟೆಯ ಮೇಲೆ ಬಿದ್ದು ಹೊರಳಾಡಿದರು. ನನಗೂ ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

ಗದ್ದಲಕ್ಕೆ ಪ್ಯಾರಿಬಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೋಡಿ ಅವಳೂ ನಕ್ಕಳು, ಆದರೆ ಬೇರೆ ಕಾರಣಕ್ಕೆ. "ಅಯ್ಯ ಶರಣಬಸವ್ವ, ಉಲ್ಟಾ ಓದಾಕತ್ತೀಯಲ್ಲ ಬೇ. ನಮ್ಮ ಕಿತಾಬು ಬಲಕ್ಕಿಂದ ಸುರು ಆಗ್ತದ. ಆ ಮನಶ್ಯಾ ಎಲ್ಲಾ ಹಾಕ್ಕೊಂಡು ಮದಿವಿಗಿ ಹೊಂಟಾನ. ಹಾದ್ಯಾಗ ಒಂದೊಂದೇ ಕಳಕೊಂಡು ಮನಿಗಿ ಬರ್ತಾನ. ಅದ ಕಥಿ."

ಮಗ್ಗುಲಲ್ಲಿ ಕುಳಿತು ಅವಳೇ ಬಲದಿಂದ ಹೇಳಿದಳು. ಮಕ್ಕಳು ಆಗಲೂ ನಕ್ಕರು. ಆದರೆ ಪುಸ್ತಕ ಮುಗಿದ ಮೇಲೆ ಮುನ್ನಿ ಅಜ್ಜಿಯ ಮುಖ ನೋಡಿ, "ಅವಗ ಬೂಟು ಯಾವಾಗ ಕೊಡ್ತಾರ?" ಎಂದು ಕೇಳಿದಳು. "ಕೊಡಂಗಿಲ್ಲ, ಹೋತು" ಅಂದಳು ಪ್ಯಾರಿಬಿ. ಹುಡುಗಿ ತುಟಿ ಉಬ್ಬಿಸಿಕೊಂಡು ಪುಸ್ತಕವನ್ನು ನನ್ನ ತೊಡೆಗೆ ತಂದಿಟ್ಟಳು. "ನೀ ಹೇಳು. ನಿನ್ನಂಗ ಹೇಳು."

ಆರಿಸುವುದು ಅಲ್ಲಿಗೆ ಮುಗಿಯಿತು. ಹಿಟ್ಟಿನ ಅಂಟು ಕಾಸಿ ಉರ್ದು ಸಾಲುಗಳ ಮೇಲೆ ಸಣ್ಣ ಕಾಗದ ಹಚ್ಚಿ, ಅಪ್ಪ ಪಾಟಿಯ ಮೇಲೆ ನಮ್ಮಿಬ್ಬರಿಗೂ ಕಲಿಸಿದ ದುಂಡಕ್ಷರದಲ್ಲಿ ನನ್ನ ಕತೆ ಬರೆದಿದ್ದೇನೆ. ಆಡಿನ ಪುಟ ತೆರೆದ ಕೂಡಲೇ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಬುಟ್ಟಿಯೊಳಗೆ ಏನು ಬರುತ್ತದೆ ಎಂದು ಅವನನ್ನು ಕೇಳು. ಅವಸರ ಮಾಡಬೇಡ, ಅವನೇ ಹೇಳಲಿ. ಕೆಸರು ಬೂಟು ಉಗುಳುವಾಗ ಬಾಯಿಂದ ಸಪ್ಪಳ ಮಾಡಲೇಬೇಕು. ನಿನಗೆ ನಾಚಿಕೆ ಜಾಸ್ತಿ, ಅದಕ್ಕೆ ಹೇಳುತ್ತಿದ್ದೇನೆ. ನಾನಾದರೆ ಹೇಗೆ ಮಾಡುತ್ತಿದ್ದೆ ಎಂದು ದಿನಾ ಕಟ್ಟೆಯ ಮೇಲೆ ಮಾಡಿ ತೋರಿಸುತ್ತೇನೆ, ಮುನ್ನಿ ನೋಡುತ್ತಾಳೆ. ಅವಳು ನಗುವಾಗ ನನ್ನ ಕಿವಿ ಇಜೇರಿಯ ಕಡೆಗಿರುತ್ತದೆ.

ಪುಸ್ತಕವನ್ನು ನಮ್ಮ ಓಣಿಯ ಚಂದಮ್ಮನ ಕೈಯಲ್ಲಿ ಕೊಟ್ಟಿದ್ದೇನೆ. ಅಮಾಸೆಗೆ ಅವಳು ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬರುತ್ತಾಳೆ. ಹೊಳೆಯ ದಂಡೆಯಲ್ಲಿ ನಿನ್ನನ್ನು ಹುಡುಕಿ ಕೊಡುತ್ತಾಳೆ. ಬಂಡಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ, ನೀನೂ ನಡಿ ಅಂದಳು. ನೀವು ಅವನನ್ನು ಕರೆದುಕೊಂಡು ಬರುತ್ತೀರೆಂದು ನನಗೆ ಗೊತ್ತು. ಆದರೆ "ಹುಡುಗ ಸಾಲಿಗಿ ಹೋಗೋ ತನಕ ನೀ ಅವನ ಕಣ್ಣಿಗಿ ಬೀಳಬ್ಯಾಡ" ಎಂದು ನಮ್ಮ ಅವ್ವ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಇನ್ನೆರಡು ವರ್ಷ. ಮನೆಯಲ್ಲಿ ಕೆಲಸವಿದೆ ಎಂದು ಚಂದಮ್ಮನಿಗೆ ಹೇಳಿದೆ.

ಯಾರು ಕಳಿಸಿದರು ಎಂದು ಅವನು ಕೇಳಿದರೆ ಆಳಂದದ ದೊಡ್ಡವ್ವ ಎಂದು ಹೇಳು, ಸಾಕು. ಅತ್ತೆಯವರಿಗೆ ನನ್ನ ಶರಣು, ನಿನ್ನ ಯಜಮಾನರು ಮಹಾದೇವಪ್ಪನವರಿಗೆ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕೂಸಿಗೆ ಉಣಿಸಿ ಉಳಿದದ್ದನ್ನೇ ಊಟ ಎನ್ನಬೇಡ. ನಿನ್ನ ಉಡಿ ಯಾವಾಗಲೂ ತುಂಬಿರಲಿ, ನಿನ್ನ ಅಂಗಳದಲ್ಲಿ ದಿನಾ ನಗು ಕೇಳಲಿ.

ನಿನ್ನ ಅಕ್ಕ,
ಶರಣಬಸಮ್ಮ

ತಾ.ಕ.: ಮಲ್ಕೂ, ನನ್ನ ಕಾಗದಗಳನ್ನು ನೀನು ಅತ್ತೆಯವರಿಗೆ ಓದಿ ಹೇಳುತ್ತೀಯಲ್ಲ, ಇದೊಂದನ್ನು ಓದಬೇಡ. ಆ ಪುಸ್ತಕ ಓದಿ ಓದಿ ನನಗೊಂದು ಕೆಟ್ಟ ಚಾಳಿ ಹತ್ತಿದೆ. ನಮ್ಮ ಆ ದಿನವನ್ನೂ ಕೊನೆಯಿಂದ ಓದುತ್ತೇನೆ. ಇಜೇರಿಗೆ ಹೋದ ನಿಮ್ಮ ಬಂಡಿ ಹಿಂದೆ ಹಿಂದೆ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ. ಅವ್ವ ನಿನ್ನ ಉಡಿಯಿಂದ ಕೂಸನ್ನು ಎತ್ತಿ ನನ್ನ ಉಡಿಯಲ್ಲಿ ಹಾಕುತ್ತಾಳೆ. ಅದಕ್ಕೂ ಹಿಂದಿನ ಪುಟದಲ್ಲಿ ಅವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತು, "ನಿನಗ ಮೂರು ಅವ. ತಂಗಿಗಿ ಕೊಡ್ತಿಯಲ್ಲ ಬೇ?" ಎಂದು ಕೇಳುತ್ತಾಳೆ. ಆ ದಿನ ನಾನು ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ಮನಸಾರೆ ಕೊಟ್ಟಳು ಎಂದು ನೀನು ಎಲ್ಲರ ಮುಂದೆ ಹೇಳುತ್ತೀ. ನಾನು ಹೂಂ ಅಂದಿರಲಿಲ್ಲ ಮಲ್ಕೂ.

ಹೆದರಬೇಡ, ಮರಳಿ ಕೇಳುವುದಿಲ್ಲ. ಅವನು ನಿನ್ನ ಮಗ. ಪುಸ್ತಕವನ್ನು ಎಡದಿಂದಲೇ ಓದು. ಗಾಳಿ ರುಮಾಲು ತಂದುಕೊಟ್ಟಾಗ ಅವನು ನಕ್ಕರೆ, ಹೇಗೆ ನಕ್ಕ ಎಂದು ಎರಡು ಸಾಲು ಬರೆ. ಅವನ ಹತ್ತು ತಿಂಗಳಿನ ನಗು ಮಾತ್ರ ನನಗೆ ಗೊತ್ತು.