ಗುಂಡಿಯಲ್ಲಿದ್ದ ತಾತ

ಜೋಗುಪಾಳ್ಯದ ರಾಜಮಾತೆಯವರ ಸನ್ನಿಧಾನಕ್ಕೆ ಅಯೋಗ್ಯ ಪುತ್ರ ಕಿಟ್ಟುವಿನ ಸಾಷ್ಟಾಂಗ.

ಅಮ್ಮಾ, ಈ ಊರಿನ ಕಾಡಿನ ಮ್ಯೂಸಿಯಂ ನೋಡಿದೆ. ನೀನು ಹುಟ್ಟುವ ಮೊದಲೇ ತೀರಿಹೋದ ನಿನ್ನಪ್ಪನ ಫೋಟೋ ಇಲ್ಲಿರುವುದು ನಿಜ. ಈ ಕಾರ್ಡಿನ ಮೇಲೆ ಅಚ್ಚಾಗಿರುವುದೂ ಅದೇ. ಆದರೆ ತಿರುಗಿಸಿದ ತಕ್ಷಣ ಕಾಣುವ ಮೀಸೆಯವನಿಗೆ ಕೈ ಮುಗಿದುಬಿಡಬೇಡ, ಅವನು ಯಂಕೋಬ. ಆಗೆಲ್ಲ ದಿಮ್ಮಿಯನ್ನು ದೊಡ್ಡ ಗುಂಡಿಯ ಮೇಲೆ ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು, ಇನ್ನೊಬ್ಬ ಗುಂಡಿಗಿಳಿದು ಗರಗಸ ಎಳೆಯುತ್ತಿದ್ದರಂತೆ. ಯಂಕೋಬ ಮೇಲಿನವನು, ನಮ್ಮ ತಾತ ಕೆಳಗಿನವರು. ಗುಂಡಿಯ ಬಾಯಲ್ಲಿ ಗರಗಸ ಹಿಡಿದಿರುವ ಎರಡು ಕೈ ಮಾತ್ರ ಅವರದು.

"ಮುಖ ಕಾಣೋ ಫೋಟೋ ಬೇರೆ ಇಲ್ವಾ ಸಾರ್?" ಎಂದು ಅಲ್ಲಿನ ಕಾವಲುಗಾರರನ್ನು ಕೇಳಿದೆ.

"ಕೆಳಗಿನವಂದು ಯಾರು ತೆಗೀತಾರೋ ತಮ್ಮಾ? ಕಣ್ಣಾಗ ಮರದ ಹೊಟ್ಟು ಬೀಳತೈತಂತ ಮುಖಕ್ಕ ಅರಿವಿ ಸುತ್ತಿಕೊಂಡಿರ್ತಿದ್ರು," ಎಂದರು.

ಯಂಕೋಬನನ್ನೇ ತಾತ ಎಂದು ನಿನಗೆ ದಾಟಿಸಿಬಿಡೋಣ ಎನ್ನಿಸಿತು. ನೀನು ಅವರನ್ನು ನೋಡಿಲ್ಲ, ನೋಡಿದವರು ಯಾರೂ ಉಳಿದಿಲ್ಲ. ಹಲಸೂರಿಗೆಲ್ಲ ಟೋಪಿ ಹಾಕಿದ ಈ ಮಹಾಶಯನ ಕೈಲಿ ಇದೊಂದು ಆಗಲಿಲ್ಲ. ನೀನು ದಿನಾ ಆ ಮೀಸೆಗೆ ದೀಪ ಹಚ್ಚುವುದನ್ನು ನಾನು ಹೇಗೆ ನೋಡಲಿ?

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು. ತಾತನ ಫೋಟೋಗೆಂದು ನೀನು ಹೇಳಿಟ್ಟ ಫ್ರೇಮು ಬೇಡ ಎಂದು ಅಂಗಡಿಯವನಿಗೆ ಹೇಳು. ನನಗೆ ನೆಗಡಿ ಇದೆ, ಜ್ವರವಿಲ್ಲ, ಊಟ ಸೇರುತ್ತಿಲ್ಲ. ಮುಂದಿನ ವಾರ ಕೆ.ಆರ್. ಪುರದಲ್ಲಿ ಇಳಿಯುತ್ತೇನೆ. ಅಷ್ಟರಲ್ಲಿ ನೀನು ಅತ್ತು ಮುಗಿಸಿರು. ನನ್ನದು ಇಲ್ಲೇ, ಮ್ಯೂಸಿಯಂ ಮೆಟ್ಟಿಲ ಮೇಲೆ, ನಡೆಯುತ್ತಿದೆ.

ಕಿಟ್ಟು