ಡ್ರೈವರನಿಗೂ ಒಂದು ಬನ್ನಿ

ಸ್ಕಾರ್‌ಬರೋ, ಫೆಬ್ರುವರಿ ೨೦೧೯

ನಿಜಗುಣಾ, ನನ್ನ ಬಂಗಾರದಂಥ ತಮ್ಮನೇ,

ನಿನ್ನೆ ಕೆಟ್ಟ ಕನಸು ಬಿತ್ತು. ಹಾಲ್ ತುಂಬ ನಮ್ಮ ಜನ, ನಮ್ಮ ದೀಪಶ್ರೀ ಮಾಡಿದ ಸಿನೆಮಾ ನಡೆದಿದೆ. ಪರದೆಯ ಮೇಲಿನವನನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾರೆ. ನೀನೂ ಚಪ್ಪಾಳೆ ತಟ್ಟಿ ನಗುತ್ತಿದ್ದೀ. ಅವರು ನಗುತ್ತಿರುವುದು ನಿನ್ನನ್ನೇ ಕಂಡು ಎಂದು ಹೇಳಬೇಕೆಂದರೆ ನನಗೆ ಬಾಯಿಯೇ ಬರಲಿಲ್ಲ. ಬರುವ ಶನಿವಾರ ಅದನ್ನು ಖರೇನೇ ತೋರಿಸುತ್ತಾರಲ್ಲ, ಅದಕ್ಕೇ ಈ ಕನಸು.

ಫೋನಿನಲ್ಲಿ ಹೇಳಿದರೆ ‘ಹೂಂ ಅಕ್ಕಾ, ಹೂಂ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ನೀನು ನಿಧಾನ ಓದುವವನು, ಆರನೇ ಇಯತ್ತೆಗೆ ಶಾಲೆ ಬಿಟ್ಟ ನಾನು ನಿಧಾನ ಬರೆಯುವವಳು. ಜೋಡಿ ಸರಿಯಾಗಿದೆ.

ಹೋದ ದಸರೆಯಲ್ಲಿ, ಈ ಪರದೇಶದಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು ಎಂದು ಹಳದಿಯಾದ ಮೇಪಲ್ ಎಲೆಗಳನ್ನೇ ಹಂಚಿ ‘ಬಂಗಾರದಂಗ ಇರೋಣ’ ಎಂದುಕೊಂಡೆವಲ್ಲ, ವಾನ್‌ನ ನಿನ್ನ ಮನೆಗೆ ಮರಳುವಾಗ ನೀನು ಬಸ್ ಡ್ರೈವರನಿಗೂ ಒಂದು ಎಲೆ ಕೊಟ್ಟು ‘ಗೋಲ್ಡ್ ಫಾರ್ ಯೂ’ ಅಂದೆ. ಹಿಂದೆ ಕೂತ ನಮ್ಮವರೇ ಸುದ್ದಿ ಹಬ್ಬಿಸಿದರು: ‘ನಿಜಗುಣಗ ಅದು ಖರೇನ ಬಂಗಾರ ಅಂತ. ಟಿಕೀಟಿಗೆ ಕೊಟ್ಟಾನ!’

ಆ ಸುದ್ದಿಯನ್ನೇ ದೀಪಶ್ರೀ ಸಿನೆಮಾ ಮಾಡಲು ಹೊರಟಳು. ಗಿರಿಜವ್ವನ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಕುರ್ಚಿ ಜೋಡಿಸಲು ನೀನು, ಚುರಮುರಿ ಸೂಸಲದ ಪಾತ್ರೆ ಹೊತ್ತು ನಾನು. ಎಲೆ ಕೊಡುವವನ ಪಾರ್ಟು ಗಿರೀಶನದು. ಅವನು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಬಾಯಿ ತೆರೆದು, ನಾಲಿಗೆ ಎಳೆಯುತ್ತ, ಅಂಗಡಿಯವನ ಮುಂದೆ ಎಲೆ ಹಿಡಿದು ಬಂಗಾರದ ರೇಟು ಕೇಳಿದ. ಎಲ್ಲರೂ ನಕ್ಕರು.

ನಾನು ಕಂಡ ಸಿನೆಮಾಗಳಲ್ಲೆಲ್ಲ ಹೀಗೇ. ನಿನ್ನಂಥವನು ಒಂದೋ ನಗಿಸಬೇಕು, ಇಲ್ಲವೇ ಕೊನೆಗೆ ಸತ್ತು ಅಳಿಸಬೇಕು. ಇಲ್ಲದಿದ್ದರೆ ಏಕಾಏಕಿ ಮಹಾ ಜಾಣನಾಗಿ ಬಹುಮಾನ ಗೆಲ್ಲಬೇಕು. ನಿನಗೆ ಡಾಕ್ಟರು ಯಾವ ರೋಗದ ಹೆಸರನ್ನೂ ಹೇಳಲಿಲ್ಲ. ಕಲಿಯುವುದು ತುಸು ತಡ, ಜನರ ನಡುವೆ ವಯಸ್ಸಿಗಿಂತ ಚಿಕ್ಕವನು, ಅಷ್ಟೇ ಅಂದರು. ಅಷ್ಟೇ ಇರುವವನು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ವೇರ್‌ಹೌಸಿಗೆ ಹೋಗುವುದನ್ನು ಯಾವ ಸಿನೆಮಾದಲ್ಲೂ ನಾನು ನೋಡಿಲ್ಲ.

ಅವತ್ತು ಎಲ್ಲರೂ ಇನ್ನೂ ನಗುತ್ತಿರುವಾಗಲೇ ನೀನು ಕುರ್ಚಿ ಕೆಳಗಿಟ್ಟು ಕೇಳಿದೆ: ‘ಗಿರೀಶಣ್ಣಾ, ನೀ ಪಾರ್ಟು ಮಾಡೋ ಇಂವ ಯಾರು?’ ಅವನು ತಡವರಿಸಿ, ‘ಹಿಂಗ... ಒಬ್ಬ ಹುಡುಗ’ ಅಂದ. ‘ಹುಡುಗ ಅಲ್ಲ, ನನಗ ಮೂವತ್ತೊಂದು. ಗುಂಡಿ ನಾ ಸರಿ ಹಾಕೋತೀನಿ, ನೋಡು. ಅದು ಎಲಿ ಅಂತನೂ ಗೊತ್ತದ. ಎಲ್ಲಾರಿಗೂ ಬನ್ನಿ ಕೊಟ್ಟಿದ್ವಿ, ಡ್ರೈವರಗ ಯಾರೂ ಕೊಟ್ಟಿದ್ದಿಲ್ಲ. ಅದಕ್ಕ ಕೊಟ್ಟೆ.’

ಗಿರೀಶ ತಲೆ ತಗ್ಗಿಸಿ ತನ್ನ ಗುಂಡಿಗಳನ್ನು ಸರಿಮಾಡಿಕೊಂಡ. ಇಲ್ಲೇ ಹುಟ್ಟಿದ ಹುಡುಗಿ ದೀಪಶ್ರೀ, ‘ಅಣ್ಣಾ, ಯೂ ಡೂ ದ ರೋಲ್, ಪ್ಲೀಸ್’ ಅಂದರೆ ನೀನು, ‘ಆಗಂಗಿಲ್ಲವ್ವಾ, ನನಗ ಶಿಫ್ಟ್ ಅದ’ ಅನ್ನಬೇಕೇ! ಆಗಲೂ ಎಲ್ಲರೂ ನಕ್ಕರು. ಆದರೆ ಆ ನಗೆಯ ಬಣ್ಣವೇ ಬೇರೆ.

ಈಗ ದೀಪಶ್ರೀ ಕಥೆ ಬದಲಿಸಿದ್ದಾಳೆ. ಸಿನೆಮಾದಲ್ಲಿ ಡ್ರೈವರ್ ಆ ಎಲೆಯನ್ನು ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತಾನಂತೆ. ಮರುದಿನ ಎಲೆ ಕೊಟ್ಟವನು ಎಂದಿನಂತೆ ಕೆಲಸಕ್ಕೆ ಹೋಗುತ್ತಾನಂತೆ. ಸಾಯುವುದಿಲ್ಲ, ಬಹುಮಾನವೂ ಇಲ್ಲ.

ನಿನ್ನ ಪರವಾಗಿ ಜಗಳಾಡಲು ನಾನು ಇಷ್ಟು ವರ್ಷ ಬಾಯಿ ಸಜ್ಜು ಮಾಡಿಕೊಂಡೇ ಕೂತಿದ್ದೆ. ಅವತ್ತು ನನ್ನ ಬಾಯಿ ಬೇಕಾಗಲಿಲ್ಲ. ಅಂಜುವುದು ನನ್ನ ಹುಟ್ಟುಗುಣ, ಬಿಡುವುದಿಲ್ಲ. ಆದರೆ ಶನಿವಾರ ಮುಂದಿನ ಸಾಲಿನಲ್ಲೇ ಕೂಡುತ್ತೇನೆ. ಯಾರಾದರೂ ಕೇಳಲಿ, ‘ಅಂವ ನನ್ನ ತಮ್ಮ’ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಅವ್ವ ಇದ್ದಿದ್ದರೆ ನಿನ್ನ ದೃಷ್ಟಿ ತೆಗೆಯುತ್ತಿದ್ದಳು. ಅವಳ ಪಾಲಿನ ಆಶೀರ್ವಾದವೂ ನನ್ನದೇ. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅಕ್ಕ,
ನೀಲಾಂಬಿಕಾ

ಲಕೋಟೆ ಅಂಟಿಸುವ ಮೊದಲು ಮತ್ತೆ ಜೀವ ತಡೆಯಲಿಲ್ಲ. ಸಿನೆಮಾದ ಕೊನೆಗೆ ಹೆಸರುಗಳು ಬರುತ್ತವಲ್ಲ, ಅಲ್ಲಿ ನಿನ್ನನ್ನು ‘ಕುರ್ಚಿ ವ್ಯವಸ್ಥೆ’ಯ ಕೆಳಗೆ ಹಾಕಿಲ್ಲ ತಾನೇ? ‘ಕಥೆ’ ಎಂಬಲ್ಲಿ ಹಾಕುತ್ತೇನೆ ಎಂದಿದ್ದಳು ದೀಪಶ್ರೀ. ಅವಳು ಹೂಂ ಅಂದಳೆಂದು ಬಿಡಬೇಡ. ನೀನೇ ಕಣ್ಣಾರೆ ಇನ್ನೊಮ್ಮೆ ನೋಡಿ ಬಾ.