ನಿನ್ನ ನಂಬರಿಗೆ ಹೋದ ಕೋಡ್

ಅಪ್ಪಾ,

ಮದುವೆಯಾದಾಗಿನಿಂದ ನಾನು ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! "ಓದು, ಮನೆ ಎಲ್ಲೂ ಓಡಿಹೋಗಲ್ಲ" ಅಂತ ಇವರೇ ಯೂನಿವರ್ಸಿಟಿಯ ಮೊದಲ ವರ್ಷಕ್ಕೆ ಅರ್ಜಿ ಹಾಕಲು ಕೂರಿಸಿದರು. ಇವತ್ತೇ ಕೊನೇ ದಿನ. ಎಲ್ಲ ತುಂಬಿದ ಮೇಲೆ ವೆಬ್‌ಸೈಟ್ ಓಟಿಪಿ ಕೋಡ್ ಕೇಳಿತು. ಅದು ನಿನ್ನ ಫೋನಿಗೆ ಹೋಯಿತು. ಹುಡುಗಿಯ ನಂಬರ್ ಎಲ್ಲರಿಗೂ ಯಾಕೆ ಅಂತ ಶಾಲೆಯ ದಾಖಲೆಗೆಲ್ಲ ನಿನ್ನದೇ ಕೊಟ್ಟಿದ್ದೆಯಲ್ಲ. ಅರ್ಜಿಗೂ ಅಲ್ಲಿಂದಲೇ ಬಂದಿದೆ; ನಂಬರ್ ಬದಲಿಸಲೂ ಅದೇ ಕೋಡ್ ಬೇಕಂತೆ.

ನೀನು ತೀರಿಕೊಂಡ ಮೇಲೆ ಆ ನಂಬರ್ ಬೇರೆ ಯಾರಿಗೋ ಸಿಕ್ಕಿದೆ. ಫೋನ್ ಮಾಡಿ ಗೋಗರೆದೆ.

"ನನ್ನ ಕಿವಿಗೆ ಹೂ ಇಡಬೇಡಮ್ಮ. ಕೋಡ್ ಯಾರಿಗೂ ಹೇಳಬಾರದು" ಅಂದರು, ಯಾರೋ ಹಿರಿಯರು.

"ಸಾರ್, ಅದು ನಮ್ಮಪ್ಪನ ನಂಬರ್."

"ಹಾಗಾದ್ರೆ ಅವರನ್ನೇ ಕೇಳು" ಅಂತ ಇಟ್ಟುಬಿಟ್ಟರು.

ಮತ್ತೆ ಮಾಡಿದರೆ ಎತ್ತುತ್ತಿಲ್ಲ. ಇವರು ಪಕ್ಕದಲ್ಲಿ ಪೆಚ್ಚಾಗಿ ಕೂತಿದ್ದಾರೆ.

ನಿನ್ನನ್ನೇ ಕೇಳುತ್ತಿದ್ದೇನೆ, ಅಪ್ಪಾ.